ಪಶ್ಚಿಮಕ್ಕೆ ಲಂಡನ್ ಏರ್‌ಪೋರ್ಟ್

ಕಾರ್ಡಿಫ್
14 ಜುಲೈ 2025

ಅವ್ವಾ,

ಚಾತುರ್ಮಾಸ ಮುಗಿಯುವ ತನಕ ನೀನು ಮೊಬೈಲ್ ಮುಟ್ಟುವುದಿಲ್ಲವೆಂದು ತ್ರಿಶಲಾ ವೈನಿ ಹೇಳಿದರು. ಈ ವರ್ಷ ಹಸಿ ಕಾಯಿಪಲ್ಯದ ಜೊತೆ ನನ್ನನ್ನೂ ಬಿಟ್ಟೆ ಅಂದುಕೊಂಡೆ. ಅಪ್ಪ ಹೋದ ಮೇಲೆ ನೀನು ಒಂದೊಂದಾಗಿ ಬಿಡುತ್ತ ಬಂದಿದ್ದೀ. ಮೊದಲು ಬಣ್ಣದ ಸೀರೆ, ಆಮೇಲೆ ಎರಡನೇ ಊಟ, ಆಮೇಲೆ ನಳದ ನೀರು. ವೈನಿಯ ಹತ್ತಿರ ಹೇಳಿ ಕಳಿಸಬಹುದಿತ್ತು. ಆದರೆ ಈ ಸುದ್ದಿ ಮೊದಲು ಅರಿಹಂತಣ್ಣನ ಕಿವಿಗೆ ಬಿದ್ದು, ಅವನ ಬಾಯಿಂದ ನಿನಗೆ ತಲುಪುವುದು ನನಗೆ ಬೇಡ. ಅದಕ್ಕೇ ಈ ಕಾಗದ.

ನಾನು ಬಸುರಿ. ಡಿಸೆಂಬರ್‌ಗೆ ದಿನ ತುಂಬುತ್ತದೆ.

ಚೊಚ್ಚಲ ಬಾಣಂತನ ತವರಿನದು. ಬನಹಟ್ಟಿಯ ಮನೆಗೆ ನಾನು ಬರುವಂತಿಲ್ಲ ಎನ್ನುವುದನ್ನು ಅಣ್ಣ ನನ್ನ ಮದುವೆಯ ದಿನವೇ ಹೇಳಿದ್ದಾನೆ. ಗುರುಸಿದ್ದ ರನ್ನ ಬೆಳಗಲಿಯ ಲಿಂಗಾಯತರ ಮಗ ಎಂಬುದು ಇಷ್ಟು ವರ್ಷದಲ್ಲಿ ಬದಲಾಗಿಲ್ಲ, ಅಣ್ಣನೂ ಬದಲಾಗಿಲ್ಲ. ಅದನ್ನು ಮತ್ತೆ ತೆಗೆಯುವುದಿಲ್ಲ. ನಾನು ಬರಲಾಗದಿದ್ದರೆ ನೀನು ಬಾ. ದೀಪಾವಳಿಗೆ ನಿನ್ನ ಚಾತುರ್ಮಾಸ ಮುಗಿಯುತ್ತದೆ, ನವೆಂಬರಿನಲ್ಲಿ ಹೊರಟರೆ ಸಾಕು.

ಬೆಂಗಳೂರಿನಿಂದ ಲಂಡನ್ನಿಗೆ ನೇರ ವಿಮಾನವಿದೆ. ದುಬೈಯಲ್ಲಿ ಇಳಿದು ಇನ್ನೊಂದನ್ನು ಹುಡುಕಿಕೊಂಡು ಓಡುವುದು ಇಲ್ಲ. ಒಂದು ಸಲ ಕುಳಿತರೆ ಇಳಿಯುವುದು ಇಲ್ಲೇ. ನಮ್ಮೂರಿನಿಂದ ಬೆಂಗಳೂರಿಗೆ ಹೋಗುವ ಬಸ್ಸು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೋ ಹೆಚ್ಚುಕಡಿಮೆ ಅಷ್ಟೇ ಹೊತ್ತು, ನಡುವೆ ಢಾಬಾ ಮಾತ್ರ ಇಲ್ಲ. ಗುರುಸಿದ್ದನ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮಲಯಾಳಿ ನರ್ಸುಗಳ ತಾಯಂದಿರೆಲ್ಲ ಹೀಗೇ ಬಂದು ಹೋಗುತ್ತಾರೆ.

ಬರುತ್ತೀಯಾ? ಇಷ್ಟು ಮಾತ್ರ ತಿಳಿಸು.

ಭಕ್ತಿ


ಬನಹಟ್ಟಿ
4 ಆಗಸ್ಟ್ 2025

ಮಗಳು ಭಕ್ತಿಗೆ ಜಯ ಜಿನೇಂದ್ರ.

ಪೋಸ್ಟಿನಾಂವ ಕೂಗಿದ್ದು ಮಗ್ಗದ ಸಪ್ಪಳದಾಗ ಯಾರಿಗೂ ಕೇಳಿಲ್ಲ. ಕಾಗದ ಕಟ್ಟಿ ಮ್ಯಾಲ ಇಟ್ಟು ಹೋಗಿದ್ದ. ನನ್ನ ಕಣ್ಣಿಗೇ ಬಿತ್ತು, ಛಲೋ ಆತು. ಓದಿ, ಮಡಚಿ, ಬಸದಿಗೆ ಹೋಗಿ ಬಂದ್ನಿ. ಬಂದು ಇನ್ನೊಮ್ಮೆ ಓದಿದ್ನಿ.

ಪಪ್ಪಾಯಿ ತಿನಬ್ಯಾಡ. ಎಳ್ಳು ಬ್ಯಾಡ. ನಿಂತು ಮಾಡೂ ಕೆಲಸ ಕಡಿಮಿ ಮಾಡು. ನಿನ್ನ ಹೊಟ್ಯಾಗ ಇಟ್ಟುಕೊಂಡಾಗ ನಾ ಅನಗವಾಡ್ಯಾಗ ನಮ್ಮವ್ವನ ಮನ್ಯಾಗ ಇದ್ನಿ, ದಿನಾ ಹೊಳಿ ನೋಡಕೋತ ಕೂಡ್ತಿದ್ನಿ. ಅದಕ್ಕ ನೀ ಇಷ್ಟ ಮಾತಿಲ್ಲದಾಕಿ ಆಗಿ ಅಂತ ನಿಮ್ಮಜ್ಜಿ ಅಂತಿದ್ಲು. ಮಾತಿಲ್ಲದಾಕಿ ಒಂದ ಮಾತು ಆಡಿ ಎಲ್ಲಾರನೂ ಸುಮ್ಮ ಮಾಡಿಬಿಟ್ಟಿ, ಅದು ಬ್ಯಾರೆ.

ವಿಮಾನದ ಮಾತು. ನನಗ ಒಂದ ತಿಳಿವಲ್ದು. ಹೊತ್ತು ಮುಳುಗಿದ ಮ್ಯಾಲ ನಾ ನೀರು ಸುದ್ದಾ ಕುಡಿಯೂದಿಲ್ಲ, ನಿನಗ ಗೊತ್ತೈತಿ. ವಿಮಾನದಾಗ ಕುಂತಾಗ ಯಾವ ಊರಿನ ಹೊತ್ತು ಹಿಡಿಬೇಕು? ಬನಹಟ್ಟ್ಯಾಗ ಮುಳುಗಿದ್ದು ಹಿಡಿಬೇಕೋ, ಕಿಡಕ್ಯಾಗ ಕಾಣೂದು ಹಿಡಿಬೇಕೋ? ಅರಿಹಂತಗ ಕೇಳಿದ್ನಿ. "ಬದಾಮಿ ಬಸ್ಸಿನಾಗ ವಾಂತಿ ಮಾಡ್ಕೊಳ್ಳಾಕಿ ಲಂಡನ್ ಸೂರ್ಯಾನ ಚಿಂತಿ ಯಾಕ ಮಾಡ್ತಿ ಬೇ" ಅಂದ. ಯಾಕ ಕೇಳಾಕತ್ತಿ ಅಂತ ಕೇಳಲಿಲ್ಲ. ತ್ರಿಶಲಾಗ ತಿಳಿದೈತಿ, ಆಕಿ ಸುಮ್ಮನ ಹಿಟ್ಟು ನಾದಿದ್ಲು.

ಬರತೀನಿ ಅಂತ ಹೇಳಾಕ ಈಗ ಆಗೂದಿಲ್ಲ. ಬರೂದಿಲ್ಲ ಅಂತನೂ ಅನ್ನವಲ್ನಿ.

ನಿಮ್ಮವ್ವ ಹೀರಾ


ಕಾರ್ಡಿಫ್
22 ಆಗಸ್ಟ್ 2025

ಅವ್ವಾ,

ನೀನು ಕೇಳಿದ್ದನ್ನು ಗುರುಸಿದ್ದನಿಗೆ ಓದಿ ಹೇಳಿದೆ. ಇದನ್ನು ಇಷ್ಟು ದಿನ ಯಾರೂ ತನಗೆ ಕೇಳಿರಲಿಲ್ಲ ಎಂದು ಅವನು ರಜೆಯ ದಿನವೆಲ್ಲ ಕುಳಿತು ಲೆಕ್ಕ ಹಾಕಿ ನೋಡಿದ. ಬೆಂಗಳೂರಿನಿಂದ ಬೆಳಗ್ಗೆ ಹೊರಡುವ ವಿಮಾನ ಪಶ್ಚಿಮಕ್ಕೆ ಹಾರುತ್ತದೆ, ಸೂರ್ಯನೂ ಪಶ್ಚಿಮಕ್ಕೇ ಹೋಗುತ್ತಾನೆ. ವಿಮಾನ ಅವನಷ್ಟು ಜೋರಿಲ್ಲ, ಆದರೂ ಬೆನ್ನು ಬಿಡುವುದಿಲ್ಲ. ಹಾಗಾಗಿ ಹಗಲು ಉದ್ದವಾಗುತ್ತ ಹೋಗುತ್ತದೆ. ನೀನು ಇಲ್ಲಿ ಇಳಿಯುವಾಗ ಬನಹಟ್ಟಿಯಲ್ಲಿ ಕತ್ತಲೆ ಬಿದ್ದಿರುತ್ತದೆ, ನಿನ್ನ ನೆತ್ತಿಯ ಮೇಲೆ ಇನ್ನೂ ಮಧ್ಯಾಹ್ನ. ದಾರಿಯುದ್ದಕ್ಕೂ ನೀನು ನೀರು ಕುಡಿಯಬಹುದು. ಕಾಯಿಸಿ ಆರಿಸಿದ ನೀರನ್ನು ವಿಮಾನದವರು ಕೊಡುತ್ತಾರೆ, ಮೊದಲೇ ಬರೆದು ತಿಳಿಸಿದರೆ ಜೈನರ ಊಟವನ್ನೂ ಕೊಡುತ್ತಾರೆ. ನೀನು ಅದನ್ನು ಉಣ್ಣುವುದಿಲ್ಲವೆಂದು ಗೊತ್ತು. ಆದರೂ ಇದೆ ಎಂದು ಹೇಳಿದೆ.

ಈಗ ಕೆಲವು ದೇಶಗಳ ಮೇಲೆ ವಿಮಾನಗಳು ಹಾರುವುದಿಲ್ಲ. ಸುತ್ತಿ ಬಳಸಿ ಬರುತ್ತವೆ, ಸ್ವಲ್ಪ ತಡವಾಗುತ್ತದೆ. ನನ್ನ ಮೊಬೈಲಿನಲ್ಲಿ ವಿಮಾನಗಳ ನಕಾಶೆ ಇದೆ. ಯಾವ ವಿಮಾನ ಎಲ್ಲಿ ಹಾರುತ್ತಿದೆ ಎಂದು ಸಣ್ಣ ಹಳದಿ ಹುಳಗಳಂತೆ ಕಾಣುತ್ತದೆ. ಕೆಲಸದಿಂದ ಬಂದು ಕಾಲು ಮೇಲೆ ಮಾಡಿ ಬೆಂಗಳೂರಿನದನ್ನು ಹುಡುಕುತ್ತೇನೆ. ಎಷ್ಟೋ ಸಲ ಅದರೊಳಗೆ ನೀನು ಕುಳಿತಿದ್ದೀ ಎಂದುಕೊಂಡು ಅದು ಇಳಿಯುವ ತನಕ ನೋಡಿದ್ದೇನೆ.

ಇಳಿದ ಮೇಲೆ ನಮ್ಮ ಊರು ಇನ್ನೂ ಪಶ್ಚಿಮಕ್ಕಿದೆ. ಕಾರಿನಲ್ಲಿ ಬರಬೇಕು, ಬೆಳಗಾವಿಗೆ ಹೋದಷ್ಟು ಹೊತ್ತಿನ ದಾರಿ. ಗುರುಸಿದ್ದ ಬಂದು ಕರೆದುಕೊಂಡು ಬರುತ್ತಾನೆ. ನಿನಗಾಗಿ ಹಿಂದಿನ ಕೋಣೆ ತೆರವು ಮಾಡಿದ್ದೇವೆ. ಹೊಸ ಪಾತ್ರೆ ತಂದಿದ್ದೇನೆ, ಅವುಗಳಲ್ಲಿ ನಾವು ಏನನ್ನೂ ಮಾಡಿಲ್ಲ. ನೀರು ಸೋಸುವ ಬಟ್ಟೆಯನ್ನೂ ಹೊಲಿದೆ.

ಮಗು ಒದೆಯಲು ಶುರು ಮಾಡಿದೆ.

ಭಕ್ತಿ


ಬನಹಟ್ಟಿ
10 ಸೆಪ್ಟೆಂಬರ್ 2025

ಭಕ್ತಿಗೆ,

ದಶಲಕ್ಷಣ ಪರ್ವ ಮುಗೀತು. ಅನಂತ ಚತುರ್ದಶಿ ದಿನ ನಾ ಬಸದ್ಯಾಗ ಮುನಿ ಮಹಾರಾಜರ ಮುಂದ ದಿಗ್ವ್ರತ ತಗೊಂಡ್ನಿ. ನೀ ಎಂ.ಎ. ಮಾಡಿದಾಕಿ, ಆದರೂ ಈ ಮಾತು ಮರತಿರಬಹುದು. ಹತ್ತೂ ದಿಕ್ಕಿಗೆ ಗೆರಿ ಹಾಕ್ಕೋಬೇಕು. ಇಲ್ಲಿತನಾ ಹೋಗ್ತೀನಿ, ಇದರಾಚೆ ಸಾಯೂತನಾ ಕಾಲಿಡೂದಿಲ್ಲ ಅಂತ. ಮಂದಿ ಹೊಳಿ, ಗುಡ್ಡ, ಊರು ಹೆಸರ ಹೇಳ್ತಾರ. ನನ್ನ ಮುಂದ ಭಾಗವ್ವ ಇದ್ಲು, ಆಕಿ ಪಶ್ಚಿಮಕ್ಕ ಕೊಲ್ಹಾಪುರ ಅಂದ್ಲು, ಆತು.

ನನ್ನ ಪಾಳಿ ಬಂತು. ಪೂರ್ವಕ್ಕ ಶಿಖರ್ಜಿ. ದಕ್ಷಿಣಕ್ಕ ಶ್ರವಣಬೆಳಗೊಳ. ಉತ್ತರಕ್ಕ ಹಿಮಾಲಯ ಮತ್ತ ವಿಮಾನ ಹೋಗೂ ಹಾದಿ. ಮ್ಯಾಲ ವಿಮಾನ ಹಾರೂವಷ್ಟು ಎತ್ತರ. ಪಶ್ಚಿಮಕ್ಕ ಲಂಡನ್ ಏರ್‌ಪೋರ್ಟ್.

ಬಸದ್ಯಾಗ ಎಲ್ಲಾರೂ ನಕ್ಕರು. ಭಾಗವ್ವ ಸೆರಗ ಬಾಯಿಗಿಟ್ಟು ನಕ್ಕು, "ಹೀರಾಬಾಯಿ, ನಿನ್ನ ಅಂಗಳ ಬಾಳ ದೊಡ್ಡದ ಬಿಡವಾ" ಅಂದ್ಲು. ಮಹಾರಾಜರೂ ಸಣ್ಣಗ ನಕ್ಕು, ಬಾಳ ದೂರ ಆತಲ್ಲ ತಾಯಿ ಅಂದ್ರು. ನನ್ನ ಮಗಳು ಆ ಕಡೆ ಅದಾಳ್ರಿ ಅಂದ್ನಿ. ಅರಿಹಂತ ಗಂಡಸರ ಸಾಲಿನಾಗ ಕುಂತಿದ್ದ. ತಲಿ ಕೆಳಗ ಹಾಕಿದ. ನಾಕ ವರ್ಷದಾಗ ಅಷ್ಟ ಮಂದ್ಯಾಗ ನಿನ್ನ ಮಾತು ಬಂದದ್ದು ಅದ ಮೊದಲು.

ಒಮ್ಮೆ ಹಾಕಿದ ಗೆರಿ ಹಿಗ್ಗಿಸಾಕ ಬರೂದಿಲ್ಲ. ಹಿಗ್ಗಿಸಿದ್ರ ದೋಷ. ಅದಕ್ಕ ಮೊದಲ ವಿಚಾರ ಮಾಡಿ ಇಟ್ಟುಕೊಂಡ್ನಿ.

ಹೊಟ್ಟಿಗೆ ಎಣ್ಣಿ ಹಚ್ಚಿಕೋ.

ನಿಮ್ಮವ್ವ


ಕಾರ್ಡಿಫ್
27 ಸೆಪ್ಟೆಂಬರ್ 2025

ಅವ್ವಾ,

ನಿನ್ನ ಕಾಗದ ಓದಿ ಗುರುಸಿದ್ದ ಖುಷಿಪಟ್ಟ. "ನೋಡು, ನಿಮ್ಮವ್ವ ಬಸದ್ಯಾಗ ನಿನ್ನ ಹೆಸರಲೇ ಗೆರಿ ಎಳದಾಳ" ಎಂದ. ನಾನೂ ಅರ್ಧ ದಿನ ಖುಷಿಯಲ್ಲಿದ್ದೆ. ಆಮೇಲೆ ಪಾತ್ರೆ ತೊಳೆಯುತ್ತಿರುವಾಗ ಕೈ ನಿಂತಿತು.

ನಮ್ಮ ಮನೆ ಏರ್‌ಪೋರ್ಟಿನಿಂದ ಪಶ್ಚಿಮಕ್ಕಿದೆ ಎಂದು ನಾನು ಬರೆದಿದ್ದೆ. ಬೆಳಗಾವಿಯಷ್ಟು ಹೊತ್ತಿನ ದಾರಿ ಎಂದೂ ಬರೆದಿದ್ದೆ.

ಊರಿನಲ್ಲಿ ಎಲ್ಲರೂ ನನಗೆ ಲಂಡನ್ ಭಕ್ತಿ ಎನ್ನುತ್ತಾರೆ, ಕಾರ್ಡಿಫ್ ಎಂದರೆ ಯಾರಿಗೂ ತಿಳಿಯುವುದಿಲ್ಲ, ಅದು ಸರಿ. ಆದರೆ ನಿನಗೆ ತಿಳಿದಿದೆ. ಹಾಗಿದ್ದರೆ ನೀನು ಲಂಡನ್ ಎಂದೇಕೆ ಅಂದೆ? ಹೋಗಲಿ, ಲಂಡನ್ ಎಂದಿದ್ದರೂ ಏನೋ ಒಂದು ಅರ್ಥ ಮಾಡಿಕೊಳ್ಳುತ್ತಿದ್ದೆ. ಏರ್‌ಪೋರ್ಟ್ ಎಂದೆಯಲ್ಲ. ಮಗಳ ಮನೆ ಎಂದಿದ್ದರೆ ಎರಡೇ ಶಬ್ದ.

ಮರೆತು ಅಂದಿದ್ದರೆ ಮಹಾರಾಜರ ಹತ್ತಿರ ಹೋಗಿ ಹೇಳು. ಮನಸ್ಸಿನಲ್ಲಿದ್ದದ್ದು ಮಗಳ ಮನೆ, ಬಾಯಿಗೆ ಬಂದದ್ದು ಏರ್‌ಪೋರ್ಟ್ ಎಂದು. ಅವರು ಕೇಳಿಸಿಕೊಳ್ಳುತ್ತಾರೆ.

ನಾನು ಕಾಯುತ್ತಿದ್ದೇನೆ.

ಭಕ್ತಿ


ಬನಹಟ್ಟಿ
18 ಅಕ್ಟೋಬರ್ 2025

ಭಕ್ತಿಗೆ,

ಮರತು ಅಂದದ್ದಲ್ಲ. ಮಹಾರಾಜರ ಮುಂದ ಹೋಗಿ ಸುಳ್ಳು ಹೇಳಾಕ ಆಗೂದಿಲ್ಲ.

ನಿಮ್ಮಪ್ಪ ದವಾಖಾನ್ಯಾಗ ಇದ್ದಾಗ ನನ್ನ ಕೈ ಹಿಡದು ಒಂದ ಮಾತು ತಗೊಂಡ್ರು. ಆಕಿ ಮನಿ ಹೊಸ್ತಲಾ ತುಳಿಬ್ಯಾಡ ಹೀರಾ ಅಂದ್ರು. ಹೂಂ ಅಂದ್ನಿ. ಏನನ್ನಬೇಕಿತ್ತು? ಅವರು ಒಮ್ಮೆ ಅಂದದ್ದು ಜೀವ ಇದ್ದಾಗಲೇ ಬದಲು ಮಾಡಿದವರಲ್ಲ, ಹೋಗೂ ಹೊತ್ತಿನ್ಯಾಗ ಮಾಡ್ತಿದ್ರೇನು. ಆದರ ಮಗಳ ಮಾರಿ ನೋಡಬ್ಯಾಡ ಅಂತ ಅವರು ಅಂದಿರಲಿಲ್ಲ. ಅದನ್ನ ನಾ ಎರಡು ವರ್ಷ ವಿಚಾರ ಮಾಡೇನಿ. ಮನಿ ತುಳಿಯದ ನಿನ್ನ ಹೆಂಗ ನೋಡೂದು ಅಂತ.

ನೀ ನೇರ ವಿಮಾನದ ಮಾತು ಬರದಿ. ಅವಾಗ ಹೊಳೀತು. ಏರ್‌ಪೋರ್ಟ್ ಅನ್ನೂದು ಯಾರ ಮನೀನೂ ಅಲ್ಲ. ಅಲ್ಲಿ ಹೊಸ್ತಲಾ ಇಲ್ಲ, ಒಲಿ ಇಲ್ಲ, ಇಂಥವರ ನೀರು ಅನ್ನೂದಿಲ್ಲ. ಅಲ್ಲಿ ಕುಂತರ ನಾ ಯಾರ ಮನಿಗೂ ಬಂದಂಗಲ್ಲ. ನೀ ಅಲ್ಲಿಗೆ ಬಾ, ಕೂಸಿನ ತಗೊಂಡು ಬಾ. ನೋಡ್ತೀನಿ, ಎತ್ತಿಕೋತೀನಿ, ತಿರುಗಿ ಬರತೀನಿ. ನೀ ಹೇಳಿದ ನವೆಂಬರಿಗೆ ಬ್ಯಾಡ. ಹಸೀ ಬಾಣಂತಿ ಅಷ್ಟ ದೂರ ಬರಬಾರದು. ಕೂಸಿಗೆ ಮೂರು ತಿಂಗಳು ತುಂಬಲಿ.

ಬಾಣಂತನ ಮಾಡಾಕ ಆಗೂದಿಲ್ಲಲ್ಲ ಅಂತ ಸಂಕಟ ಐತಿ. ಅದನ್ನ ಬರದು ಏನ ಮಾಡ್ಲಿ.

ದೀಪಾವಳಿ ಆದಮ್ಯಾಲ ಮೊಬೈಲ್ ಹಿಡಿಬಹುದು. ಆದರ ಫೋನಿನ್ಯಾಗ ನಾವಿಬ್ಬರೂ ಛಲೋ ಮಾತಾಡೂದಿಲ್ಲ. ಬರದರ ನೆಟ್ಟಗಿರ್ತೀವಿ.

ಹೀರಾ


ಕಾರ್ಡಿಫ್
9 ಜನವರಿ 2026

ಅವ್ವಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಬರೆದು ಹರಿದೆ.

ಹೆಣ್ಣು ಮಗು. ಗುರುಸಿದ್ದ ವೈನಿಗೆ ಫೋಟೋ ಕಳಿಸಿದ್ದ, ನೀನು ನೋಡಿರುತ್ತೀ. ವೈನಿ ಒಂದು ಹೂವಿನ ಚಿತ್ರ ಕಳಿಸಿದರು. ಅಣ್ಣನಿಂದ ಏನೂ ಬರಲಿಲ್ಲ.

ಬಾಣಂತನಕ್ಕೆ ನಮ್ಮ ಅತ್ತೆ ಶಿವಗಂಗವ್ವ ಬಂದಿದ್ದಾರೆ. ಮುಧೋಳದ ಸಂತೆಯಾಚೆ ಊರು ನೋಡದವರು. ವಿಮಾನ ಎಷ್ಟು ಹೊತ್ತು, ಯಾವ ದಾರಿ, ಸೂರ್ಯ ಎಲ್ಲಿ ಮುಳುಗುತ್ತಾನೆ ಎಂದು ಒಂದೂ ಕೇಳಲಿಲ್ಲ. "ಕಿಡಕಿ ಬಾಜೂ ಸಿಗತೈತೇನೋ ಮಗನ" ಎಂದು ಕೇಳಿದರಂತೆ, ಅಷ್ಟೇ. ಬಂದು ಇಳಿದವರೇ ಕೈಕಾಲು ತೊಳೆದು ಅಡುಗೆಮನೆಗೆ ಹೋದರು. ಬಾಣಂತಿಗೆ ಬೇಕಾದ ಶುಂಠಿ, ಅಳವಿ, ಅಂಟು, ಎಲ್ಲ ತಂದಿದ್ದಾರೆ. ಅಂಟಿನುಂಡಿಯ ಗಂಟನ್ನು ಏರ್‌ಪೋರ್ಟಿನ ಅಧಿಕಾರಿ ಬಿಚ್ಚಿಸಿ ನೋಡಿದನಂತೆ. ಅವರು ಒಂದು ಉಂಡಿ ಅವನ ಕೈಗಿಟ್ಟು "ತಿನ್ನಪಾ, ಸೊರಗೀದಿ" ಎಂದರಂತೆ.

ನೀನು ಬರುವುದಿಲ್ಲ ಎಂದು ಗೊತ್ತಾದ ದಿನ ನಾನು ನಿನ್ನ ಕೋಣೆಯ ಹೊಸ ಪಾತ್ರೆಗಳನ್ನು ಹೊರಗೆ ತೆಗೆದೆ. ಈಗ ಅದರಲ್ಲೇ ಅತ್ತೆ ನನಗೆ ಅಳವಿ ಪಾಯಸ ಮಾಡಿಕೊಡುತ್ತಾರೆ.

ಅವರು ಮಗುವಿಗೆ ನೀರು ಹಾಕುವಾಗ ನಾನು ಬಾಗಿಲಲ್ಲಿ ನಿಂತು ನೋಡುತ್ತೇನೆ. ಚಂದ ಹಾಕುತ್ತಾರೆ. ಅದನ್ನು ನೋಡಿ ನನಗೆ ಅವರ ಮೇಲೆ ಸಿಟ್ಟು ಬರುತ್ತದೆ. ಈ ಸಿಟ್ಟು ನಿನ್ನದು, ಅವರ ಪಾಲಿಗೆ ಹೋಗುತ್ತಿದೆ. ಪಾಪ ಅವರಿಗೆ ಗೊತ್ತಿಲ್ಲ.

ಭಕ್ತಿ


ಬನಹಟ್ಟಿ
2 ಫೆಬ್ರವರಿ 2026

ಭಕ್ತಿಗೆ,

ಕೂಸಿನ ಫೋಟೋ ತ್ರಿಶಲಾ ತೋರಿಸಿದ್ಲು. ಹಣಿ ನಿಮ್ಮಪ್ಪಂದು.

ಬೀಗತಿ ಬಂದಾರಂತ ಓದಿ ಮನಸ್ಸಿಗೆ ತಂಪಾತು ಅಂತ ಬರದರ ಸುಳ್ಳಾಗತೈತಿ. ಹೊಟ್ಟಿ ಉರೀತು. ನೀರು ಹಾಕೂದು ನನ್ನ ಕೈ ಕೆಲಸ ಇತ್ತು.

ಮಾರ್ಚಿನ್ಯಾಗ ನಾ ಬರತೀನಿ. ಜಮಖಂಡಿ ಶಶಿಕಾಂತ ಮಾವಾರು, ಕಿರಾಣಿ ಅಂಗಡಿಯವರು, ಲಂಡನ್ನಿಗೆ ಮಗಳ ಮನಿಗೆ ಹೊಂಟಾರ. ಅವರ ಜೋಡಿ. ಅವರು ಮಗಳ ಮನಿಗೆ ಹೋಗ್ತಾರ, ನಾ ಅಲ್ಲೇ ಕುಂತು ಅದ ದಿನ ಸಂಜಿ ವಿಮಾನಕ್ಕ ತಿರುಗಿ ಬರತೀನಿ. ಟಿಕೀಟಿನವರು ಎರಡೆರಡು ಸಲ ಕೇಳಿದ್ರಂತ, ತಾರೀಕು ತಪ್ಪಿಲ್ಲೇನ್ರಿ ಅಂತ.

ಅರಿಹಂತಗ ಹೇಳಿದ್ನಿ. ಮೊದಲ ಸಿಟ್ಟಾದ. ಮನಿ ತುಳಿಯೂದಿಲ್ಲ ಅಂದ ಮ್ಯಾಲ, "ಹಂಗಾರ ಹೋಗಿ ಬಾ, ಶಿಖರ್ಜಿಗೆ ಹೋಗಿ ಬಂದಂಗ" ಅಂದ. ಶಿಖರ್ಜ್ಯಾಗ ದೇವರು ಬಾಗಲಾ ತಗದು ಕುಂತಿರ್ತಾನ ಅಂದ್ನಿ. ಅವಂಗ ತಿಳೀಲಿಲ್ಲ.

ಬಾಗಲ ದಾಟಿ ಒಳಗ ಮಂದಿ ಕಾಯೂ ಜಾಗಾ ಇರತೈತಂತಲ್ಲ, ಕಟಾಂಜನದ ಹಂತ್ಯಾಕ. ಅಲ್ಲಿ ಇರ್ತೀನಿ. ಬಿಳಿ ಸೀರಿ ನೋಡಿದ್ರ ತಿಳೀತೈತಿ. ನೀ ಕೂಸಿನ ತಗೊಂಡು ಒಳಗ ಬಾ. ಗುರುಸಿದ್ದ ಬಂದರ ಬರಲಿ.

ಅವ್ವ


ಕಾರ್ಡಿಫ್
20 ಫೆಬ್ರವರಿ 2026

ಅವ್ವಾ,

ಬರುತ್ತೇನೆ. ಮಗುವನ್ನೂ ಕರೆತರುತ್ತೇನೆ. ಆದರೆ ಒಳಗೆ ಬರುವುದಿಲ್ಲ.

ಆ ಏರ್‌ಪೋರ್ಟಿನ ಹೊರಗೆ, ಗಾಜಿನ ಬಾಗಿಲ ಎದುರಿಗೆ ಒಂದು ರಸ್ತೆ ಇದೆ. ಸಣ್ಣ ರಸ್ತೆ, ಬನಹಟ್ಟಿಯ ಬಸ್‌ಸ್ಟ್ಯಾಂಡಿನ ಎದುರಿನಷ್ಟು ಅಗಲವೂ ಇಲ್ಲ. ರಸ್ತೆಯ ಆಚೆ ಬೆಂಚು ಇದೆ. ನಾನು ಅಲ್ಲಿ ಇರುತ್ತೇನೆ. ನನ್ನ ಮನೆಗೆ ಬಾ ಎಂದು ಇನ್ನು ಕರೆಯುವುದಿಲ್ಲ. ಅಪ್ಪನ ಮಾತು ನೀನು ಉಳಿಸಿಕೋ. ಬೆಂಚು ಕೂಡ ಯಾರ ಮನೆಯೂ ಅಲ್ಲ. ಆ ರಸ್ತೆಯನ್ನು ದಾಟಿ ಬಾ. ನಿನ್ನ ಗೆರೆಯಿಂದ ಅಷ್ಟು ಮಾತ್ರ ಹೊರಗೆ ಬಾ, ಅಷ್ಟು ದೋಷ ನನಗಾಗಿ ಕಟ್ಟಿಕೋ.

ಅದು ಆಗುವುದಿಲ್ಲ ಎಂದರೆ ನನಗೂ ಒಂದು ವ್ರತವಿದೆ. ಮಹಾರಾಜರಿಲ್ಲದೆ ನಾನೇ ತೆಗೆದುಕೊಂಡದ್ದು. ಪೂರ್ವಕ್ಕೆ ಏರ್‌ಪೋರ್ಟಿನ ಗಾಜಿನ ಬಾಗಿಲು. ಅದರ ಒಳಗೆ ಕಾಲಿಡುವುದಿಲ್ಲ.

ಗುರುಸಿದ್ದನಿಗೆ ಇದು ಸರಿ ಕಾಣಲಿಲ್ಲ. "ಹುಚ್ಚಿ ಅದಿ ಏನ್? ಮುದುಕಿ ಅಷ್ಟ ದೂರದಿಂದ ಬರ್ತಾಳ, ನಾಕ ಹೆಜ್ಜಿ ನೀ ಒಳಗ ಹೋದ್ರ ಕಾಲ ಮುರೀತಾವೇನು" ಎಂದು ಬೈದ. ನಿನ್ನ ಪರವಾಗಿ ಅವನು ಮಾತಾಡುವುದನ್ನು ಕೇಳಿ ನನಗೆ ಇನ್ನಷ್ಟು ಹಟ ಬಂತು.

ಭಕ್ತಿ


ಬನಹಟ್ಟಿ
30 ಮಾರ್ಚ್ 2026

ಭಕ್ತಿಗೆ,

ಬಂದು ಮುಟ್ಟಿದ್ನಿ. ಮೈ ನೆಟ್ಟಗಾಗಿದ್ದು ಮೊನ್ನೆ. ಈಗ ಬರ್ಯಾಕತ್ತೇನಿ.

ಹೋಗೂವಾಗ ನೀ ಹೇಳಿದ್ದು ಖರೆ ಆತು, ಹೊತ್ತು ಮುಳುಗಲೇ ಇಲ್ಲ. ಆದರೂ ನಾ ನೀರು ಕುಡೀಲಿಲ್ಲ. ಅವತ್ತ ಉಪವಾಸ ಹಿಡಿದಿದ್ನಿ. ಶಶಿಕಾಂತ ಮಾವಾರು ಬೈದರು.

ಕಾಗದ ನೋಡೂ ಬಾಗಲದಾಗ ಒಬ್ಬಾಕಿ ಹುಡುಗಿ ಕುಂತಿದ್ಲು, ನಮ್ಮ ಕಡೆಯಾಕೀನ ಇದ್ದಂಗಿದ್ಲು. ಎಲ್ಲಿ ಇರಾಕ ಬಂದೀರಿ ಅಂತ ಕೇಳಿದ್ಲು. ಇಲ್ಲೇ, ಸಂಜಿಗೆ ಹೋಗ್ತಾರ ಅಂತ ಮಾವಾರು ಹೇಳಿದ್ರು. ಆಕಿಗೆ ನಂಬಿಕಿ ಬರಲಿಲ್ಲ. ಮಗಳು ಇದ ದೇಶದಾಗ ಅದಾಳಂತೀರಿ, ಮನಿಗೆ ಯಾಕ ಹೋಗೂದಿಲ್ಲ ಅಂತ ಮತ್ತ ಮತ್ತ ಕೇಳಿದ್ಲು. ಮಾವಾರು ನನ್ನ ಮಾರಿ ನೋಡಿದ್ರು. ಏನ ಹೇಳ್ಲಿ ಬೇ ಅಂದ್ರು. ವ್ರತ ಅಂತ ಹೇಳ್ರಿ ಅಂದ್ನಿ. ಅವರು ಏನ ಹೇಳಿದ್ರೋ, ಆಕಿ ನನ್ನ ಬಾಳ ಹೊತ್ತು ನೋಡಿ ಹೋಗಾಕ ಬಿಟ್ಲು.

ಕಟಾಂಜನದ ಹಂತ್ಯಾಕ ಕುಂತ್ನಿ. ಗಾಜಿನಾಚೆ ರಸ್ತಾ ಕಂಡಿತು, ಬೆಂಚೂ ಕಂಡಿತು. ನೀ ನಿಂತಿದ್ದಿ. ಸೊರಗೀದಿ. ನಾ ಎದ್ದು ಬಾಗಲತನಾ ಬಂದ್ನಿ. ಬಾಗಲಾ ತನ್ನಷ್ಟಕ್ಕ ತಾನ ತಕ್ಕೊಂತು. ಥಂಡ ಗಾಳಿ ಬಂತು. ಕಾಲಾಗ ಒಂದ ಪಟ್ಟಿ ಇತ್ತು, ಕಬ್ಬಿಣದ್ದು. ಅಲ್ಲೇ ನಿಂತ್ನಿ. ಹಿಂದಿನವರು ಸರಕೊಂಡು ಹೋಗಾಕತ್ತಿದ್ರು. ಕೂಗಬೇಕಂದ್ನಿ. ಗೆರಿ ಆಚೆ ಇದ್ದವರನ್ನ ಕೂಗೂದೂ ದೋಷ, ಸನ್ನಿ ಮಾಡೂದೂ ದೋಷ ಅಂತ ಮಹಾರಾಜರು ಪ್ರವಚನದಾಗ ಹೇಳಿದ್ರು. ಬಾಯಿ ಮುಚ್ಚಿಕೊಂಡ ನಿಂತ್ನಿ.

ಆಮ್ಯಾಲೆ ಅಂವ ಬಂದ. ನಿನ್ನ ಕೈಯಾಗಿಂದ ಕೂಸಿನ ತಗೊಂಡು ರಸ್ತಾ ದಾಟಿ ಬಂದ. ಅವಂಗ ಯಾವ ಗೆರೀನೂ ಇಲ್ಲ. ನಾಕ ವರ್ಷದಾಗ ಅವನ್ನ ಅಷ್ಟ ಹತ್ತರ ನೋಡಿದ್ದಿಲ್ಲ. "ಅತ್ತಿ, ತಗೋರಿ" ಅಂದ. ಬರ್ರಿ ಅಂತ ನಾ ಅನ್ನಲಿಲ್ಲ. ತಗೊಂಡ್ನಿ.

ಕೂಸು ನನ್ನ ಸೆರಗ ಹಿಡಕೊಂತು. ಅದರ ನೆತ್ತಿ ಮೂಸಿದ್ನಿ. ಅಂವ ದೂರ ಸರದು ಅತ್ತಾಗ ಮಾರಿ ಮಾಡಿ ನಿಂತಿದ್ದ, ನನಗ ಅಳಾಕ ಅಡ್ಡಿ ಆಗಬಾರದಂತ. ತಿಳುವಳಿಕಿ ಇದ್ದಾಂವ. ಅದನ್ನ ನಿಮ್ಮಪ್ಪ ನೋಡಲಿಲ್ಲ.

ಕೂಸಿನ ನಿನಗ ತೋರಸಬೇಕಂತ, ನಾನೂ ನಿನ್ನ ನೋಡಬೇಕಂತ ತಲಿ ಎತ್ತಿದ್ನಿ. ನೀ ಬೆನ್ನ ಮಾಡಿ ನಿಂತಿದ್ದಿ. ಎಷ್ಟ ಹೊತ್ತು ಕಾದರೂ ತಿರುಗಲಿಲ್ಲ. ನಿನ್ನ ಜಡಿ ನೋಡಿ ಬಂದ್ನಿ.

ಬರೂವಾಗ ವಿಮಾನ ಕತ್ತಲಾಗ ಹೊಂಟಿತು.

ಗೆರಿ ಹಿಗ್ಗಿಸಾಕ ಬರೂದಿಲ್ಲ, ಕುಗ್ಗಿಸಾಕ ಬರತೈತಿ. ಕುಗ್ಗಿಸಿದ್ರ ಪುಣ್ಯ. ನಿನ್ನೆ ಬಸದ್ಯಾಗ ದೇವರ ಮುಂದ ಪಶ್ಚಿಮದ ಗೆರಿ ಇಲ್ಲೇ ಬಾಜೂದ ತೇರದಾಳಕ್ಕ ತಂದ್ನಿ. ಅದರಾಚೆ ನನಗ ಕೆಲಸ ಉಳಿದಿಲ್ಲ. ಭಾಗವ್ವ ಮತ್ತ ಕುಂತಿದ್ಲು, ಈ ಸಲ ನಗಲಿಲ್ಲ.

ಗೆರಿ ಆಚೆ ವಸ್ತು ಒಗೆಯೂದೂ ದೋಷ. ಈ ಕಾಗದ ಹಾಕಿ, ಹಿಂದಿನ ಕಾಗದದ್ದೂ ಕೂಡಿಸಿ ಪ್ರಾಯಶ್ಚಿತ್ತ ಮಾಡ್ಕೋತೀನಿ. ಇನ್ನೊಂದು ಬರಿಯೂದಿಲ್ಲ.

ಹೀರಾ


ಕಾರ್ಡಿಫ್
21 ಏಪ್ರಿಲ್ 2026

ಅವ್ವಾ,

ಕಾಗದ ಹಾಕುವುದು ನಿನಗೆ ದೋಷ. ನನಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಓದುವುದು ದೋಷವಾದರೆ ವೈನಿಯ ಕೈಗೆ ಕೊಡು, ಒಲೆಗೆ ಹಾಕುತ್ತಾರೆ.

ಬಾಗಿಲು ತೆರೆದಾಗ ನೀನು ಕಂಡೆ. ಬಾಗಿಲು ಮುಚ್ಚಿತು, ಮತ್ತೆ ತೆರೆಯಿತು, ನೀನು ಅಲ್ಲೇ ಇದ್ದೆ. ಕಾಲು ನೋಡಿಕೊಂಡು ನಿಂತಿದ್ದೆ. ನಾನು ರಸ್ತೆಯ ಅಂಚಿಗೆ ಇಳಿದಿದ್ದೆ, ಅದು ನಿನಗೆ ಕಂಡಿಲ್ಲ. ಇನ್ನೊಂದು ಸಲ ಬಾಗಿಲು ತೆರೆದಾಗ ನೀನು ಮುಖ ಎತ್ತಿದ್ದರೆ ದಾಟಿ ಬಿಡುತ್ತಿದ್ದೆ. ನೀನು ಆ ಕಬ್ಬಿಣದ ಪಟ್ಟಿಯನ್ನೇ ನೋಡುತ್ತಿದ್ದೆ. ನಿನ್ನ ಕಾಗದದಲ್ಲಿ ಅದರ ಮಾತು ಓದಿ, ಅಷ್ಟು ಹೊತ್ತು ಏನು ನೋಡುತ್ತಿದ್ದೆ ಎಂದು ಈಗ ಗೊತ್ತಾಯಿತು.

ನೀನು ಮಗುವನ್ನು ಎತ್ತಿಕೊಂಡೆ. ಅದರ ಹೆಸರು ಏನೆಂದು ಗುರುಸಿದ್ದನಿಗೆ ಕೇಳಲಿಲ್ಲ. ಇಷ್ಟು ಕಾಗದದಲ್ಲಿ ಎಲ್ಲೂ ಕೇಳಿಲ್ಲ. ಕೇಳುತ್ತೀ ಎಂದು ನಾನೂ ಬರೆಯದೆ ಇಟ್ಟುಕೊಂಡಿದ್ದೆ. ಈಗ ಬರೆಯುವುದಿಲ್ಲ.

ಅತ್ತೆ ಊರಿಗೆ ಹೋದರು. ಹೋಗುವಾಗ ಅತ್ತರು, ಮುಂದಿನ ವರ್ಷ ಮತ್ತೆ ಬರುತ್ತೇನೆ ಎಂದರು.

ಸಂಜೆ ನಾನು ಮಗುವನ್ನು ಎತ್ತಿಕೊಂಡು ಹಿತ್ತಲಲ್ಲಿ ನಿಲ್ಲುತ್ತೇನೆ. ನಮ್ಮ ಮನೆಯ ಮೇಲೆ ಒಂದರ ಹಿಂದೆ ಒಂದು ವಿಮಾನಗಳು ಲಂಡನ್ನಿಗೆ ಇಳಿಯಲು ಹೋಗುತ್ತವೆ. ಮಗು ಅವುಗಳ ಸದ್ದಿಗೆ ಕೈ ಆಡಿಸುತ್ತದೆ. ಅವು ಯಾವುವೂ ನಿನ್ನ ಕಡೆಯಿಂದ ಬಂದವಲ್ಲ. ಎಲ್ಲ ಆ ಕಡೆಯವು, ಅಮೆರಿಕೆಯಿಂದ ಸಮುದ್ರ ದಾಟಿ ಬಂದವು. ಬೆಂಗಳೂರಿನದು ನಮ್ಮನ್ನು ಮುಟ್ಟುವ ಮೊದಲೇ ಅಲ್ಲಿ ಇಳಿದುಬಿಡುತ್ತದೆ. ಇಷ್ಟು ವರ್ಷ ಇಲ್ಲಿದ್ದು, ಊರಿನ ಕಡೆಯ ಒಂದು ವಿಮಾನವನ್ನೂ ನನ್ನ ಮನೆಯ ಮೇಲೆ ನೋಡಿಲ್ಲ. ಮಗುವಿಗೆ ಅದು ಗೊತ್ತಿಲ್ಲ, ಎಲ್ಲಕ್ಕೂ ಕೈ ಆಡಿಸುತ್ತದೆ.

ಭಕ್ತಿ